ಪೈಪಣ್ಣ ಕಾರು ತೊಳೆದದ್ದು

ಪೈಪಣ್ಣನಿಗೆ ಬುದ್ಧಿ ಹೇಳುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಗೋಡೆಯಾದರೆ ತಿರುಗಿ ಭಾಷಣ ಮಾಡುವುದಿಲ್ಲ.

ಬಸ್ ಡಿಪೋದ ತೊಳೆಯುವ ವಿಭಾಗಕ್ಕೆ ಅವನು ಸೇರಿದಾಗ ಮೀಸೆ ಇನ್ನೂ ಮೂಡುತ್ತಿತ್ತು. ಆ ಮೀಸೆ ಪೂರ್ತಿ ಬೆಳ್ಳಗಾದ ಮೇಲೆ ನಿವೃತ್ತನಾದ. ನಡುವೆ ಮಾಡಿದ ಕೆಲಸ ಒಂದೇ. ಹಗಲೆಲ್ಲ ಜನ ಉಗಿದು, ಕಕ್ಕಿ, ಸಿಪ್ಪೆ ಎಸೆದು ಇಳಿದುಹೋದ ಬಸ್ಸು ಸಂಜೆ ಡಿಪೋಗೆ ಬಂದರೆ ಹಿಂದಿನ ಬಾಗಿಲಲ್ಲಿ ದಪ್ಪ ಪೈಪು ತೂರಿಸಿ ನೀರು ಬಿಡುವುದು, ಉದ್ದ ಕೋಲಿನ ಪೊರಕೆಯಲ್ಲಿ ಆ ಹೊಲಸನ್ನೆಲ್ಲ ಮುಂದಿನ ಬಾಗಿಲಿನಿಂದ ಆಚೆ ನೂಕುವುದು. ಮುಟ್ಟಿ ಒರೆಸುವ ಮಾತೇ ಇಲ್ಲ. ನೀರು ಹೊಡಿ, ನೂಕು, ಮುಂದಿನ ಬಸ್ಸು.

ಓಡಿಸುವವನಿಗೆ ಸಮವಸ್ತ್ರ ಇತ್ತು, ಟಿಕೆಟ್ ಹರಿಯುವವನಿಗೆ ಚರ್ಮದ ಚೀಲ ಇತ್ತು. ತೊಳೆಯುವವನಿಗೆ ಇದ್ದದ್ದು ಕಾಲ್ಬೆರಳ ಸಂದಿಯ ಹುಣ್ಣು. ಗಮ್‌ಬೂಟು ಕೊಡಿ ಎಂದು ಕೇಳಿ ಕೇಳಿ ಬಾಯಿ ಒಣಗಿದ ಮೇಲೆ ಒಂದು ದಿನ ಪೈಪಣ್ಣ ನಲ್ಲಿ ತಿರುಗಿಸಿ ಬಂದ್ ಮಾಡಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಉಳಿದವರೂ ಕೂತರು. ಬಸ್ಸುಗಳು ಕೊಳಕಾಗಿಯೇ ಓಡಿದವು. ಕಿಟಕಿಯಲ್ಲಿ ಹೊರಗಿನದು ಕಾಣದೆ ಜನ ತಮ್ಮ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದು ಬೈದರು. ಬೂಟು ಬಂತು. ಅದು ನ್ಯಾಯವಾದ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗೆಲುವು ಪೈಪಣ್ಣನ ತಲೆಯಲ್ಲಿ ಒಂದು ತಪ್ಪು ಲೆಕ್ಕ ಕೂರಿಸಿಬಿಟ್ಟಿತು: ಬೂಟಿನ ವಿಷಯದಲ್ಲಿ ತಾನು ಸರಿಯಿದ್ದೆ, ಆದ್ದರಿಂದ ತೊಳೆಯುವ ವಿಷಯದಲ್ಲೆಲ್ಲ ತಾನೇ ಸರಿ.

ನಿವೃತ್ತನಾದ ಮೇಲೂ ಕೈ ಸುಮ್ಮನಿರಲಿಲ್ಲ. ಮನೆಯ ಮುಂದಿನ ನಲ್ಲಿಗೆ ಹಸಿರು ಪೈಪು ಸಿಕ್ಕಿಸಿ ಗೇಟು ತೊಳೆದ, ಚರಂಡಿ ತೊಳೆದ, ಎದುರು ಮನೆಯ ಟೈಲರ್‌ನ ಬೋರ್ಡು ತೊಳೆದ. ಬೋರ್ಡಿನ ಬಣ್ಣ ಇಳಿದು ‘ಸ್ತ್ರೀಯರ ಹಾಗೂ ಪುರುಷರ’ ಅನ್ನುವುದರಲ್ಲಿ ಪುರುಷರು ಹೊರಟುಹೋದರು.

“ಏನ್ ಪೈಪಣ್ಣ, ನನ್ನ ಅರ್ಧ ವ್ಯಾಪಾರ ಚರಂಡಿಗೆ ಹೋಯ್ತಲ್ಲ!” ಎಂದು ಟೈಲರ್ ಬೊಬ್ಬೆ ಹಾಕಿದರೆ, “ನೀರಿಗೆ ನಿಲ್ಲದ ಬಣ್ಣ ಅದೆಂಥ ಬಣ್ಣಾನಯ್ಯ, ಬರೆದವನ್ನ ಕೇಳು ಹೋಗು” ಎಂದು ಇವನೇ ದಬಾಯಿಸಿದ.

ಇಂಥವನ ಮನೆಗೆ ಕಾರು ಬಂತು.

ತಂದದ್ದು ಮಗಳು. ಗಂಡನ ಮನೆ ಸಾಕಾಗಿ ತವರಿಗೆ ಬಂದವಳು ಬಟ್ಟೆ ಅಂಗಡಿಯೊಂದರಲ್ಲಿ ಬೆಳಗಿಂದ ಸಂಜೆವರೆಗೆ ನಿಂತು ಸೀರೆ, ಪ್ಯಾಂಟು ಬಿಚ್ಚಿ ತೋರಿಸಿ ಮತ್ತೆ ಮಡಚಿಡುತ್ತಿದ್ದಳು. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿರಲಿಲ್ಲ. ಕಾಲು ಊದಿಕೊಂಡು, ಮಾಲೀಕನ ಹತ್ತಿರ ಸ್ಟೂಲು ಕೇಳಿ, ಬೈಸಿಕೊಂಡು, ಅಲ್ಲೇ ಅಳತೆ ಟೇಪು ಬಿಸಾಕಿ ಬಂದಳು. ಇನ್ನು ದುಡಿದರೆ ಕೂತು ದುಡಿಯುತ್ತೇನೆ, ಅದೂ ನನ್ನ ಸ್ವಂತ ಸೀಟಿನಲ್ಲಿ ಎಂದಳು. ಡ್ರೈವಿಂಗ್ ಕಲಿತು, ಇದ್ದಬದ್ದದ್ದನ್ನೆಲ್ಲ ಸುರಿದು, ಯಾರೋ ಬಳಸಿದ ಬೂದು ಬಣ್ಣದ ಏಳು ಸೀಟಿನ ಕಾರು ಕೊಂಡಳು. ಊರಾಚೆಯ ದೊಡ್ಡ ಶಾಲೆಯೊಂದು ಮಕ್ಕಳನ್ನು ಕರೆತರಲು ಖಾಸಗಿ ಗಾಡಿಗಳನ್ನು ಗೊತ್ತುಮಾಡುತ್ತಿತ್ತು. ಅವಳ ಮನೆಯಿಂದ ಶಾಲೆಗೆ ಹೋಗುವ ಹತ್ತಿರದ ದಾರಿಗೆ ಇನ್ನೂ ಯಾವ ಗಾಡಿಯನ್ನೂ ಗೊತ್ತುಮಾಡಿರಲಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಗಾಡಿ ತಪಾಸಣೆ. ಅದರಲ್ಲಿ ಪಾಸಾದರೆ ವರ್ಷಪೂರ್ತಿ ಕೆಲಸ. ಇಲ್ಲವಾದರೆ ಮತ್ತೆ ಬಟ್ಟೆ ಅಂಗಡಿ, ಮತ್ತೆ ನಿಲ್ಲುವುದು. ಈ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪೈಪಣ್ಣನಿಗೂ ಗೊತ್ತಿತ್ತು, ಬೇಡವಾಗಿದ್ದದ್ದು ಅದೇ.

ಭಾನುವಾರ ಬೆಳಿಗ್ಗೆ ಮಗಳು ಬೇವಿನ ಮರದ ನೆರಳಿಗೆ ಕಾರು ತಂದು ನಿಲ್ಲಿಸಿದಳು. ಎರಡು ಬಕೆಟ್ ಇಟ್ಟುಕೊಂಡಳು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೆತ್ತನೆಯ ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ ಚಾವಣಿಯಿಂದ ಕೆಳಕ್ಕೆ ಎಳೆಯುವುದು, ಬಟ್ಟೆಗೆ ಹತ್ತಿದ ಮರಳನ್ನು ಬರೀ ನೀರಿನಲ್ಲಿ ತೊಳೆದು ಬಿಡುವುದು, ಆಮೇಲೆ ಮತ್ತೆ ಶಾಂಪೂ. ಮರಳು ಬಟ್ಟೆಯಲ್ಲೇ ಉಳಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ ಎಂದು ಫೋನಿನಲ್ಲಿ ನೋಡಿ ಕಲಿತಿದ್ದಳು. ಒಳಗಿನ ಗಾಳಿ ಬರುವ ಜಾಲರಿಯ ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು.

ಪೈಪಣ್ಣ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತು ನೋಡಿದ. ನೋಡಲಾಗಲಿಲ್ಲ.

“ಏನಮ್ಮ, ಗಾಡಿ ತೊಳೀತಿದ್ಯೋ, ಕೂಸಿಗೆ ಮೈ ಒರೆಸ್ತಿದ್ಯೋ?”

“ಅಪ್ಪ, ನೀನು ಕಾಫಿ ಕುಡಿ.”

“ಇಷ್ಟು ಹೊತ್ತಲ್ಲಿ ನಾನು ಇಡೀ ಸಾಲು ಬಸ್ಸು ಮುಗಿಸ್ತಿದ್ದೆ.”

“ಗೊತ್ತು. ಆ ಬಸ್ಸುಗಳನ್ನ ನಾನೂ ನೋಡಿದೀನಿ.”

“ನೋಡಿದ್ರೆ ಏನು? ಹೊಳೀತಿರ್ಲಿಲ್ವಾ?”

“ತಗಡು ಕಾಣ್ತಿತ್ತು ಅಪ್ಪ. ಬಣ್ಣ ಎಲ್ಲಿತ್ತು ಹೊಳೆಯೋದಕ್ಕೆ?”

ಟೈಲರ್ ತನ್ನ ಅಂಗಡಿಯಿಂದಲೇ ಹಲ್ಲು ಕಿರಿದ. ಪೈಪಣ್ಣ ಲೋಟ ಕುಕ್ಕಿ ಒಳಗೆ ಹೋದ.

ಹೊರಗಿನ ಕೆಲಸ ಮುಗಿಸಿ, ಮೇಣದ ಪಾಲಿಶ್ ಹಚ್ಚಿ ಉಜ್ಜಿದ ಮೇಲೆ ಕಾರು ನಿಜಕ್ಕೂ ಕಣ್ಣು ಕುಕ್ಕುತ್ತಿತ್ತು. ಒಳಗಿನ ಧೂಳು ಹೀರಲು ಟೈಲರ್‌ನ ತಂಗಿಯ ಹತ್ತಿರ ವ್ಯಾಕ್ಯೂಮ್ ಮಷಿನ್ ಇತ್ತು, ಸಂಜೆ ಕೊಡುತ್ತೇನೆ ಎಂದಿದ್ದಳು. ಅಷ್ಟರಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ತರಬೇಕಿತ್ತು. ತಪಾಸಣೆಯಲ್ಲಿ ಅವನ್ನೂ ನೋಡುತ್ತಾರೆ. ಮಗಳು ಹೊರಡುವಾಗ ಅಮ್ಮನಿಗೆ ಹೇಳಿದಳು: “ಅಮ್ಮ, ಅಪ್ಪನ್ನ ಕಾರಿನ ಹತ್ರ ಬಿಡಬೇಡ.”

“ನಾನೇನು ಅವರನ್ನ ಹಗ್ಗ ಹಾಕಿ ಕಟ್ಟಿಟ್ಟಿದೀನಾ?” ಎಂದಳು ಅಮ್ಮ. ಅಂದರೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಆಮೇಲೆ ಒಲೆಯ ಮೇಲೆ ಹಾಲು ಉಕ್ಕಿತು.

ಹಾಲು ಇಳಿಸಿ, ಕಟ್ಟೆ ಒರೆಸಿ ಅವಳು ಹೊರಗೆ ಬರುವ ಹೊತ್ತಿಗೆ ಕಾರಿನ ನಾಲ್ಕೂ ಬಾಗಿಲು ಹಾರುಹೊಡೆದಿದ್ದವು. ಹಿಂದಿನ ಬಾಗಿಲಲ್ಲಿ ಗಮ್‌ಬೂಟು ಹಾಕಿಕೊಂಡ ಪೈಪಣ್ಣ ಹಸಿರು ಪೈಪಿನ ಬಾಯಿಗೆ ಹೆಬ್ಬೆರಳು ಅದುಮಿ ಒಳಗೆ ನೀರು ಹೊಡೆಯುತ್ತಿದ್ದ. ಸೀಟಿನ ಮೇಲೆ, ಸೀಟಿನ ಕೆಳಗೆ, ಗೇರಿನ ಸುತ್ತ. ಮುಂದಿನ ಬಾಗಿಲಿಂದ ನೀರು ಆಚೆ ಬರುತ್ತದೆಂದು ಪೊರಕೆ ಹಿಡಿದು ಕಾಯುತ್ತಿದ್ದ. ಬರಲಿಲ್ಲ.

“ಎಲ್ಲಿಗೆ ಹೋಗ್ತಿದೆ ಇದು?” ಎಂದು ಬಗ್ಗಿ ನೋಡಿದ.

ಬಸ್ಸಿನ ನೆಲ ತಗಡು, ಅದರ ಮೇಲೆ ರಬ್ಬರು, ನೀರು ಹೋಗಲು ಇಳಿಜಾರು. ಕಾರಿನ ನೆಲ ಹಾಗಲ್ಲವಲ್ಲ. ಮೇಲೆ ಕಾರ್ಪೆಟ್, ಅದರ ಕೆಳಗೆ ಹಾಸಿಗೆಯಂಥ ದಪ್ಪ ಸ್ಪಂಜು, ಸುತ್ತ ಎತ್ತರದ ಅಂಚು. ಅವನು ಬಿಟ್ಟ ನೀರನ್ನೆಲ್ಲ ಕಾರು ಕುಡಿದು ಕೂತಿತ್ತು. ಕಾಲಿಟ್ಟರೆ ಪಚಕ್ ಎನ್ನುತ್ತಿತ್ತು.

“ಅಯ್ಯೋ ನಿಮ್ಮ ಕೈ ಸೇದಿಹೋಗ! ಏನ್ರೀ ಮಾಡಿದ್ರಿ?”

“ಒಳಗೆ ಧೂಳಿತ್ತು.”

“ಧೂಳಿದ್ರೆ ಕೆರೆ ತೋಡ್ತಾರಾ?”

“ಸುಮ್ನಿರು. ಬಿಸಿಲಿಗಿಟ್ರೆ ಅರ್ಧ ಗಂಟೇಲಿ ಒಣಗತ್ತೆ. ಸೀಟು ಬಿಚ್ತೀನಿ.”

ಆಗಲೂ ಕೈ ಕಟ್ಟಿ ನಿಂತಿದ್ದರೆ ನಷ್ಟ ನೀರಿನಷ್ಟಕ್ಕೇ ನಿಲ್ಲುತ್ತಿತ್ತು. ಪೈಪಣ್ಣ ಸ್ಪ್ಯಾನರ್ ತಂದು ಮುಂದಿನ ಸೀಟುಗಳ ಬೋಲ್ಟು ಬಿಚ್ಚಿದ. ಸೀಟಿನ ಕೆಳಗೆ ಹಳದಿ ಬಣ್ಣದ ಪ್ಲಗ್ಗಿನಲ್ಲಿ ವೈರುಗಳು ಸೇರಿದ್ದವು. ಅದನ್ನು ಎಳೆದು ಕಿತ್ತ. ಗಾಳಿಯಾಡಲು ಕಿಟಕಿ ಗಾಜು ಇಳಿಸಬೇಕಿತ್ತು, ಹೆಂಡತಿಗೆ “ಏ, ಕೀ ತಿರುಗಿಸೇ” ಎಂದ. ಅವಳು ತಿರುಗಿಸಿದಳು. ಗಾಜು ಇಳಿಯಿತು. ಜೊತೆಗೆ ಸ್ಟೀರಿಂಗಿನ ಹಿಂದೆ ಒಂದು ಕೆಂಪು ದೀಪ ಹತ್ತಿತು. ಕೂತ ಮನುಷ್ಯನ ಮುಂದೆ ಚೆಂಡು ಇರುವ ಚಿತ್ರ.

“ಇದೇನ್ರೀ?”

“ದೀಪ.”

“ದೀಪ ಅಂತ ನನಗೂ ಕಾಣ್ತಿದೆ. ಯಾಕೆ ಹತ್ತಿದೆ?”

“ನೀನು ಕೀ ತಿರುಗಿಸಿದ್ದಕ್ಕೆ” ಎಂದ ಪೈಪಣ್ಣ.

ಮಗಳು ಸಿಲಿಂಡರ್ ಕಂಕುಳಲ್ಲಿ ಇಟ್ಟುಕೊಂಡು ಬೀದಿಯ ತಿರುವಿಗೆ ಬಂದಾಗ ಅವಳಿಗೆ ಮೊದಲು ಕಂಡದ್ದು ತನ್ನ ಕಾರಿನ ಎರಡು ಸೀಟುಗಳು. ಬೀದಿಯ ಮಧ್ಯೆ ಅಕ್ಕಪಕ್ಕ ಬಿಸಿಲು ಕಾಯಿಸುತ್ತಿದ್ದವು. ಒಂದರ ಮೇಲೆ ಟೈಲರ್ ಕಾಲು ಚಾಚಿ ಕೂತು ಗುಂಡಿ ಹೊಲಿಯುತ್ತಿದ್ದ. ಅವಳನ್ನು ಕಂಡವನೇ ಎದ್ದು, “ನಾನೇನೂ ಮಾಡಿಲ್ಲಮ್ಮ” ಎಂದ. ಅವನ ಪ್ಯಾಂಟಿನ ಹಿಂಭಾಗ ಒದ್ದೆಯಾಗಿತ್ತು.

ಅವಳು ಕೂಗಾಡಲಿಲ್ಲ. ಸಿಲಿಂಡರ್ ಕೆಳಗಿಟ್ಟಳು. ಕಾರಿನೊಳಗೆ ಕೈ ಹಾಕಿ ಕಾರ್ಪೆಟ್ ಹಿಂಡಿದಳು. ಮೊಣಕೈವರೆಗೆ ನೀರು ಇಳಿಯಿತು.

“ನಾಳೆ ಬೆಳಿಗ್ಗೆ ತಪಾಸಣೆ ಅಪ್ಪ.”

“ಅದಕ್ಕೇ ತೊಳೆದದ್ದು.”

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಆಕಾಶದ ಕಡೆ ನೋಡಿದಳು.

ಆ ಸಂಜೆಯ ಪಾಡು ಹೇಳತೀರದು. ಕಾರ್ಪೆಟ್ ಕಾಂಪೌಂಡಿನ ಮೇಲೆ, ಸ್ಪಂಜು ಬಟ್ಟೆ ಹಗ್ಗದ ಮೇಲೆ. ಮನೆಯ ಫ್ಯಾನುಗಳೆಲ್ಲ ಅಂಗಳಕ್ಕೆ. ಟೈಲರ್ ತನ್ನ ಇಸ್ತ್ರಿಪೆಟ್ಟಿಗೆ ತಂದು ಸೀಟಿನ ಬಟ್ಟೆಯ ಮೇಲೆ ಎಳೆದರೆ ಹಬೆ ಎದ್ದು ಒದ್ದೆ ನಾಯಿಯ ವಾಸನೆ ಬೀದಿ ತುಂಬಿತು. ಪೈಪಣ್ಣ ಎಲ್ಲರಿಗೂ ಸಲಹೆ ಕೊಡುತ್ತ ಓಡಾಡಿದ. ಸೀಟು ಸಿಕ್ಕಿಸಿ, ಹಳದಿ ಪ್ಲಗ್ಗು ಮತ್ತೆ ಕೂರಿಸಿದರೂ ಕೆಂಪು ದೀಪ ಮಾತ್ರ ಆರಲಿಲ್ಲ.

“ಒಂದು ಚೂರು ಕಪ್ಪು ಟೇಪು ಅಂಟಿಸಿಬಿಡು, ಯಾರಿಗೆ ಕಾಣತ್ತೆ?” ಎಂದ ಪೈಪಣ್ಣ.

“ನಿನ್ನ ಬಾಯಿಗೆ ಅಂಟಿಸ್ತೀನಿ” ಎಂದಳು ಮಗಳು. ಅಪ್ಪನಿಗೆ ಅಂಥ ಮಾತು ಅವಳು ಹಿಂದೆ ಆಡಿರಲಿಲ್ಲ.

ಸೋಮವಾರ ಅವಳು ಒಬ್ಬಳೇ ಹೋದಳು. ಮೈದಾನದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು, ಪಕ್ಕದಲ್ಲಿ ಬಿಳಿ ವ್ಯಾನಿನವನೊಬ್ಬ ಕನ್ನಡಿಗೆ ಉಸಿರು ಊದಿ ಒರೆಸುತ್ತಿದ್ದ. ಗಾಡಿ ನೋಡಲು ಬಂದ ಮೇಡಂ ಕಾರಿನ ಸುತ್ತ ಬಂದು ಮೆಚ್ಚಿಕೊಂಡಳು. ಪಾಲಿಶ್ ಚೆನ್ನಾಗಿದೆ ಎಂದಳು. ಟೈರು, ಬೆಲ್ಟು, ಪೆಟ್ಟಿಗೆ, ಸಿಲಿಂಡರ್ ಎಲ್ಲ ಸರಿ. ಆಮೇಲೆ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತಳು. ಕೂತಷ್ಟೇ ಬೇಗ ಎದ್ದಳು.

“ಏನಮ್ಮ ಇದು, ಸೀಟು ಒದ್ದೆ?”

“ತೊಳೆದಿದ್ವಿ ಮೇಡಂ.”

“ಸೀಟು ಯಾರಾದ್ರೂ ತೊಳೀತಾರೇನಮ್ಮ?”

“ತೊಳೀಬೇಕು!” ಎಂಬ ದನಿ ಹಿಂದಿನಿಂದ ಬಂತು. ಬೇಡವೆಂದರೂ ಬಸ್ಸು ಹಿಡಿದು ಬಂದಿದ್ದ ಪೈಪಣ್ಣ ಗಾಡಿಗಳ ನಡುವಿನಿಂದ ಮುಂದೆ ಬಂದ. “ನೀವು ಆಫೀಸಲ್ಲಿ ಕೂರೋ ಕುರ್ಚಿ ಯಾವತ್ತಾದ್ರೂ ತೊಳೆಸಿದೀರಾ ಮೇಡಂ? ಅದರೊಳಗೆ ಏನೇನಿರತ್ತೆ ಗೊತ್ತಾ ನಿಮಗೆ?”

ಮೇಡಂ ತನ್ನ ಬಟ್ಟೆಯ ಹಿಂಭಾಗ ಮುಟ್ಟಿ ನೋಡಿಕೊಳ್ಳುತ್ತ, “ಇವರ್ಯಾರು?” ಎಂದಳು.

ಗೊತ್ತಿಲ್ಲ ಎನ್ನುವ ಮಾತು ಮಗಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು “ನಮ್ಮಪ್ಪ” ಎಂದಳು.

“ಕೀ ಹಾಕಿ.”

ಕೆಂಪು ದೀಪ ಹತ್ತಿತು, ಹತ್ತೇ ಇತ್ತು. ಅದು ಅಪಘಾತವಾದಾಗ ಗಾಳಿಚೀಲ ಕೆಲಸ ಮಾಡುವುದಿಲ್ಲ ಎನ್ನುವ ಸೂಚನೆ ಎಂದು ಮೇಡಂ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. “ಈ ದೀಪ ಆರೋವರೆಗೆ ಮಕ್ಕಳನ್ನ ಕೂರಿಸೋ ಹಾಗಿಲ್ಲಮ್ಮ. ಗುರುವಾರ ತೋರಿಸಿ. ಹತ್ತಿರದ ದಾರಿಗೆ ಇವತ್ತೇ ಗಾಡಿ ಬೇಕು, ಆ ಬಿಳಿ ವ್ಯಾನಿಗೆ ಕೊಡ್ತೀನಿ. ಗುರುವಾರ ನಿಮ್ಮದು ಸರಿಯಾದ್ರೆ ಕಲ್ಲುಗಣಿ ಕಡೇದು ನೋಡೋಣ.”

ಕಲ್ಲುಗಣಿ ಕಡೆಯ ದಾರಿಯನ್ನು ಯಾರೂ ಕೇಳುತ್ತಿರಲಿಲ್ಲ. ಲಾರಿಗಳು ಅಗೆದು ಹಾಕಿದ ರಸ್ತೆ, ಧೂಳು, ತಿರುವಿನ ಮೇಲೆ ತಿರುವು. ಮಕ್ಕಳನ್ನು ಹತ್ತಿಸಿಕೊಳ್ಳಲು ಕತ್ತಲಿರುವಾಗಲೇ ಏಳಬೇಕು.

ಪೈಪಣ್ಣ ಬಾಯಿ ತೆರೆದ. “ಮೇಡಂ, ಇದು ಅನ್ಯಾಯ. ಹೊರಗಿನದೆಲ್ಲ ಪಾಸು ಅಂತ ನೀವೇ—”

“ಅಪ್ಪ, ಗೇಟಿನ ಹೊರಗೆ ಹೋಗು.”

ಅವನು ಹೋದ. ಅವಳೂ ಕಾರು ತಂದು ಗೇಟಿನಾಚೆ ನಿಲ್ಲಿಸಿ ಇಳಿದಳು. ರಸ್ತೆಯಲ್ಲಿ ಜನ ಇದ್ದಾರೆ ಎಂಬುದನ್ನೂ ನೋಡಲಿಲ್ಲ.

“ಇದು ನಿನ್ನ ಡಿಪೋ ಅಲ್ಲ ಅಪ್ಪ. ಅಲ್ಲಿ ಒಂದು ಬಸ್ಸು ಕೆಟ್ರೆ ಇನ್ನೊಂದು ಬರ್ತಿತ್ತು. ಕೆಡಿಸಿದ್ದು ಯಾರು ಅಂತ ಯಾರೂ ಕೇಳ್ತಿರ್ಲಿಲ್ಲ. ನನಗಿರೋದು ಇದೊಂದು. ಇದು ನಿಂತ್ರೆ ನಾನೂ ಹೋಗಿ ಆ ಅಂಗಡೀಲಿ ನಿಲ್ಲಬೇಕು, ಸಾಯೋವರೆಗೂ. ನೀನು ಬೂಟಿಗೆ ಅಂತ ಕೂತೆಯಲ್ಲ, ನನ್ನ ಕಾಲಿನ ಬಗ್ಗೆ ಒಂದು ಸಲ ಯೋಚನೆ ಮಾಡಿದ್ಯಾ?”

ಪೈಪಣ್ಣ ಕಿಟಕಿಯಿಂದ ಕಾರಿನ ನೆಲ ಬಗ್ಗಿ ನೋಡಿದ. ಈಗ ಇವನು ತಪ್ಪಾಯ್ತು ಎನ್ನುತ್ತಾನೆ ಎಂದುಕೊಂಡಳು.

“ಮನುಷ್ಯರು ಕಾಲಿಡೋ ಜಾಗಕ್ಕೆ ಸ್ಪಂಜು ಯಾಕೆ ಹಾಕ್ತಾರೆ?” ಎಂದ.

ಅವಳು ಕಾರು ಹತ್ತಿ ಹೋದಳು. ಅವನು ಬಸ್ಸಿನಲ್ಲಿ ಬಂದ.

ಎಲೆಕ್ಟ್ರಿಶಿಯನ್ ಒಬ್ಬ ಸೀಟಿನ ಕೆಳಗಿನ ಪ್ಲಗ್ಗು ಒಣಗಿಸಿ, ಒಂದು ಸಣ್ಣ ಮಷಿನ್ ಸಿಕ್ಕಿಸಿ ಆ ಕೆಂಪು ದೀಪ ಆರಿಸಿದ. ಹಳದಿ ಪ್ಲಗ್ಗು ಕಿತ್ತಿಟ್ಟು ಕೀ ತಿರುಗಿಸಿದವನು ಯಾವ ಮಹಾನುಭಾವ ಎಂದು ಕೇಳಿದ. ಮನೆಯವರು ಎಂದಷ್ಟೇ ಹೇಳಿದಳು. ಮಂಗಳವಾರ, ಬುಧವಾರ ಕಾರು ಬಾಗಿಲು ತೆರೆದುಕೊಂಡು ಬಿಸಿಲಲ್ಲಿ ನಿಂತಿತು. ಮಗಳ ಕಣ್ಣೆದುರು ಪೈಪಣ್ಣ ಆ ಕಡೆ ಸುಳಿಯಲಿಲ್ಲ. ಯಾರೂ ಹೇಳದೆಯೇ ಕಾರ್ಪೆಟ್ ತಿರುವಿ ತಿರುವಿ ಹಾಕುತ್ತಿದ್ದನೆಂದು ಅವನ ಹೆಂಡತಿ ಆಮೇಲೆ ಹೇಳಿದಳು. ಮಗಳು ಮನೆಯಲ್ಲಿಲ್ಲದಾಗ ಮಾತ್ರ.

ಗುರುವಾರ ಗಾಡಿ ಪಾಸಾಯಿತು. ಕಲ್ಲುಗಣಿ ಕಡೆಯ ದಾರಿ ಸಿಕ್ಕಿತು.

ಮೊದಲ ದಿನವೇ ಮೂರನೇ ತಿರುವಿನಲ್ಲಿ ಒಂದು ಮಗು ಕಕ್ಕಿತು. ಸೀಟಿನ ಮೇಲೆ, ಬೆಲ್ಟಿನ ಬಕಲ್ಲಿನೊಳಗೆ, ಕಾರ್ಪೆಟ್ಟಿನ ಮೇಲೆ. ಉಳಿದ ಮಕ್ಕಳು ಮೂಗು ಮುಚ್ಚಿಕೊಂಡು ಕಿರುಚಿದರು. ಶಾಲೆಯಲ್ಲಿ ಅವರನ್ನು ಇಳಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಅವಳು ಮನೆಗೆ ಬಂದಳು. ಮಧ್ಯಾಹ್ನ ಅದೇ ಮಕ್ಕಳನ್ನು ವಾಪಸ್ಸು ಕರೆತರಬೇಕು. ಕತ್ತಲಲ್ಲೇ ಎದ್ದವಳಿಗೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಕೈಕಾಲು ಸೋತಿದ್ದವು. ಅಮ್ಮ ಬಂದು ಮೂಗಿಗೆ ಸೆರಗು ಹಿಡಿದು, “ಈ ವಾಸನೆ ನನ್ನಿಂದಾಗಲ್ಲ ಕಣೇ” ಎಂದು ಒಳಗೆ ಓಡಿದಳು.

ವಾಸನೆಗೆ ಹೇಸದವನು ಆ ಮನೆಯಲ್ಲಿ ಒಬ್ಬನೇ ಇದ್ದ. ಅವನು ಪೈಪು ಸುತ್ತಿಕೊಂಡು ಬರುತ್ತಿದ್ದ.

“ಇಡು ಅದನ್ನ ಕೆಳಗೆ” ಎಂದಳು ಮಗಳು.

“ಕಕ್ಕಿದ್ದನ್ನ ಕೈಯಲ್ಲಿ ಒರೆಸ್ತಾರಾ?”

“ಒರೆಸ್ತಾರೆ. ಮೊದಲು ಕಾಗದದಲ್ಲಿ ತೆಗಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಬಕಲ್ಲಿಗೆ ಬ್ರಷ್ಷು. ನೀರು ಬಟ್ಟೆಯಿಂದ ತೊಟ್ಟಿಕ್ಕಬಾರದು. ಒಪ್ಪಿದ್ರೆ ಮಾಡು. ಇಲ್ಲಾಂದ್ರೆ ನಾನೇ ಮಾಡ್ಕೊತೀನಿ, ನೀನು ಒಳಗೆ ಹೋಗು.”

ಪೈಪಣ್ಣ ಪೈಪು ಹಿಡಿದೇ ನಿಂತ. ಎದುರಿನ ಅಂಗಡಿಯಲ್ಲಿ ಟೈಲರ್ ಕತ್ತರಿ ಆಡಿಸುವುದು ನಿಲ್ಲಿಸಿದ.

“ಸೋಪು ನಾನು ಹೇಳಿದ್ದು” ಎಂದ ಪೈಪಣ್ಣ.

“ಇಲ್ಲ.”

“ಬಕೆಟ್ ಆದ್ರೂ ದೊಡ್ಡದು ಕೊಡು.”

“ಇಲ್ಲ.”

“ದಿನಾ ನಾನೇ ಮಾಡ್ಬೇಕಾ?”

“ದಿನಾ. ಎರಡು ಟ್ರಿಪ್ಪಿನ ಮಧ್ಯೆ. ನಾನು ಊಟ ಮಾಡ್ಬೇಕು, ಒಂದು ಗಳಿಗೆ ಮಲಗ್ಬೇಕು.”

ಪೈಪಣ್ಣ ಪೈಪನ್ನು ಗೇಟಿಗೆ ನೇತುಹಾಕಿದ. ನರಳುತ್ತ ಮಂಡಿಯೂರಿ ಕಾರಿನೊಳಗೆ ತಲೆ ತೂರಿಸಿದ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರು ಕಕ್ಕಿದ್ದನ್ನು ನೂಕದೆ ಕೈಯಲ್ಲಿ ತೆಗೆದ. ಕೆಲಸ ಮಾಡುತ್ತಲೇ ಒಳಗಿನಿಂದ ಗೊಣಗಿದ: “ಮಗು ಯಾಕೆ ಕಕ್ತು ಗೊತ್ತಾ? ನೀನು ತಿರುವಿನ ಒಳಗೆ ಹೋದ್ಮೇಲೆ ಬ್ರೇಕ್ ಒತ್ತಿರ್ತೀಯ. ನಮ್ಮ ಡಿಪೋ ಡ್ರೈವರ್‌ಗಳು ತಿರುವಿಗೆ ಮುಂಚೆನೇ—”

“ಅಪ್ಪ.”

“ಏನು?”

“ಒರೆಸು.”

ಒರೆಸಿದ. ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಬಟ್ಟೆ ತಪ್ಪು ದಿಕ್ಕಿಗೆ ಎಳೆಯುತ್ತಿದ್ದ, ಆದರೆ ಹಿಂಡಿದ್ದು ಸರಿಯಾಗಿತ್ತು. ಹೇಳಲು ಹೋದರೆ ಮತ್ತೆ ಭಾಷಣ. ಕಾರಿನ ಬಾಗಿಲು ತೆರೆದೇ ಬಿಟ್ಟು ಒಳಗೆ ಹೋಗಿ, ತಟ್ಟೆ ಹಾಕಿಕೊಂಡು, ಕಾಲು ಚಾಚಿ ಊಟಕ್ಕೆ ಕೂತಳು.